ಬಲಗಡೆಯ ಬುಷ್ಷು

ಎರಡು ಟನ್ ತೂಕದ ಕಾರನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಡಿದು, ಎಡಗೈಯಲ್ಲಿ ಕಾಫಿ ಲೋಟ, ಬಲಗೈಯಲ್ಲಿ ಸ್ಪ್ಯಾನರ್ ಇಟ್ಟುಕೊಂಡು, ಕಾಫಿ ಆರುವುದರೊಳಗೆ ಹಿಂಚಕ್ರದ ಬುಷ್ಷುಗಳೆರಡನ್ನೂ ಬದಲಾಯಿಸಿದ ಗಂಡಸು ಈ ಭೂಮಿಯ ಮೇಲೆ ಇದ್ದರೆ ಅದು ನಾನೊಬ್ಬನೇ. ಜಾಕ್ ಇತ್ತು, ಇಲ್ಲವೆನ್ನುವುದಿಲ್ಲ. ನನ್ನ ಹಲ್ಲು ನೋಡಿ ನಾಚಿಕೊಂಡು ಅದು ಮೂಲೆಯಲ್ಲಿ ನಿಂತಿತ್ತು.

ಬುಷ್ ಎಂದರೆ ಏನೆಂದು ತಿಳಿಯದವರಿಗೆ ಹೇಳಿಬಿಡುತ್ತೇನೆ. ಹಿಂಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವ ಕಡೆ ಒಂದು ದಪ್ಪ ರಬ್ಬರ್ ಬಳೆ ಇರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ಕೂತು, ಎರಡೂ ಕಡೆಯ ಏಟು ತಿಂದು, ಬಾಯಿ ಮುಚ್ಚಿಕೊಂಡಿರುವುದೇ ಅದರ ಕೆಲಸ. ಮನೆ ಅಳಿಯನ ಕೆಲಸವೂ ಅದೇ ಆದ್ದರಿಂದ ನನಗೆ ಅದರ ಮೇಲೆ ಮೊದಲಿನಿಂದಲೂ ಮರುಕ.

ನಮ್ಮ ಎಸ್‌ಯುವಿಯ ಬುಷ್ಷುಗಳು ಸವೆದು ಹೋಗಿದ್ದವು. ಸಣ್ಣದೊಂದು ಗುಂಡಿ ಸಿಕ್ಕರೂ ಹಿಂದಿನಿಂದ ದಡಕ್ಕೆಂದು ಸದ್ದು. ಆ ಸದ್ದಿಗೆ ನಾಲ್ಕು ಬೀದಿಯಾಚೆ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವು. ನಾವು ಅಭ್ಯಾಸ ಮಾಡಿಕೊಂಡಿದ್ದೆವು. ಆದರೆ ಮಾವನಿಗೆ ಬೆನ್ನುಮೂಳೆಯ ಆಪರೇಷನ್ ಆಯಿತು. ಭಾನುವಾರ ಮನೆಗೆ ಕರೆದುಕೊಂಡು ಹೋಗಬಹುದು, ಹಿಂದಿನ ಸೀಟು ಮಡಚಿ ಮಲಗಿಸಿಕೊಂಡೇ ಹೋಗಿ, ದಾರಿಯಲ್ಲಿ ಒಂದು ಕುಲುಕೂ ಕೂಡದು ಎಂದರು ಡಾಕ್ಟರು. ಕುಲುಕಿದರೆ ಹೊಲಿಗೆಯ ಗತಿಯೇನೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಹೆಂಡತಿಯ ಮುಖ ಬಿಳುಚಿಕೊಂಡಿತು.

"ಗ್ಯಾರೇಜಿಗೆ ಬಿಡಿ ಅಂದ್ರೆ ಕೇಳಲಿಲ್ಲ ನೀವು" ಎಂದಳು. "ಈಗ ಅವನು ಮುಂದಿನ ವಾರ ಬನ್ನಿ ಅಂತಾನೆ."

"ಗ್ಯಾರೇಜ್ ಯಾಕೆ? ನಾನಿಲ್ವಾ?"

"ನೀವಿದ್ದೀರಿ ಅಂತಲೇ ಭಯ."

ಅವಳ ತಮ್ಮ, ಎಂದರೆ ನನ್ನ ಭಾವಮೈದ, ಅತ್ತರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮುಚ್ಚಿದ ಸೀಸೆಯ ಹತ್ತಿರ ಹೋಗಿ ಒಳಗಿರುವುದು ಗುಲಾಬಿಯೋ ಮಲ್ಲಿಗೆಯೋ ಹೇಳಿಬಿಡುವ ಮೂಗು ಅವನದು. ಶನಿವಾರ ಬೆಳಿಗ್ಗೆ ಟಾರ್ಚು ಹಿಡಿಯಲು ಬಂದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ನಾನು ನಕ್ಕೆ. ನಗಬಾರದಿತ್ತು.

ಮೊದಲು ಹಿಂದಿನ ಸೀಟು ಮಡಚಿದೆವು. ಅದರಡಿಯಲ್ಲಿ ನನ್ನ ಮಕ್ಕಳು ನಡೆಸಿದ ನಾಗರಿಕತೆಯ ಅವಶೇಷಗಳಿದ್ದವು: ಕಪ್ಪಾಗಿ ಅಂಟಿಕೊಂಡ ಬಾಳೆಹಣ್ಣು, ಹಾಲು ಚೆಲ್ಲಿ ಹುಳಿತು ಗಟ್ಟಿಯಾದ ಕಾರ್ಪೆಟ್ಟು, ಕೂದಲು ಮೆತ್ತಿಕೊಂಡ ಮಿಠಾಯಿ, ಹೆಬ್ಬೆರಳು ಹೊರಗೆ ಇಣುಕುವಷ್ಟು ತೂತಾದ ಒಂದು ಒದ್ದೆ ಕಾಲುಚೀಲ. ಆ ಕಾಲುಚೀಲದಲ್ಲಿ ಏನೋ ಬೆಳೆಯುತ್ತಿತ್ತು. ಬಿಟ್ಟಿದ್ದರೆ ಇನ್ನೊಂದು ತಿಂಗಳಿಗೆ ನನ್ನನ್ನು ಅಪ್ಪಾ ಎನ್ನುತ್ತಿತ್ತು.

ಆಮೇಲೆ ಗಾಡಿಯಡಿಗೆ ತೂರಿದೆ. ಹೊರಗಿನಿಂದ ತೊಳೆದು ಒರೆಸಿ ಫಳಫಳ ಎನಿಸಿಕೊಂಡ ಗಾಡಿಯ ಹೊಟ್ಟೆಯಡಿ ಮಲಗಿ ನೋಡಿದವನಿಗೇ ಗೊತ್ತು ಅದರ ನಿಜವಾದ ಬಾಳು. ಗ್ರೀಸು, ಕೆಸರು, ಹಾದಿಯಲ್ಲಿ ಸಿಕ್ಕ ಸಗಣಿ ಎಲ್ಲ ಕಲಸಿ ಒಣಗಿ ಹಕ್ಕಳೆಯಾಗಿ ಕೂತಿತ್ತು. ಸ್ಪ್ಯಾನರ್ ಇಟ್ಟು ಒಂದು ಎಳೆತ ಎಳೆದೆ, ಹಿಡಿಯಷ್ಟು ಉದುರಿ ಬಾಯಿಗೇ ಬಿತ್ತು. ರುಚಿ ಹೇಳುವುದಿಲ್ಲ, ನೀವು ಊಟ ಮಾಡಬೇಕಲ್ಲ. ಉಗುಳಿ ಕಣ್ಣು ತೆರೆದರೆ ಆಕ್ಸಲ್ಲಿನ ಮೇಲೆ ಒಂದು ಇಲಿ. ಕರುವಿನಷ್ಟು ದೊಡ್ಡದು. ಅರ್ಧ ಒಣಗಿ ಅರ್ಧ ಕೊಳೆತು, ಹಲ್ಲು ಕಿರಿದುಕೊಂಡು ನನ್ನನ್ನೇ ನೋಡುತ್ತಿತ್ತು. ಥೂ! ಬಾಲ ಹಿಡಿದು ಎಳೆದೆ. ಬಾಲ ಮಾತ್ರ ಬಂತು.

"ಭಾವ, ನಂಗೆ ಹೊಟ್ಟೆ ತೊಳಸ್ತಾ ಇದೆ" ಎಂದ ಭಾವಮೈದ.

"ಗಂಡಸಾಗಿ ಹುಟ್ಟಿದ್ದೀಯ, ಗಟ್ಟಿಯಾಗಿ ಟಾರ್ಚ್ ಹಿಡಿ."

ಎಡಗಡೆಯ ತೋಳು ಬಿಚ್ಚಿದ್ದಾಯಿತು. ಬುಷ್ಷಿನ ರಬ್ಬರು ಯಾರೋ ವಾರವಿಡೀ ಜಗಿದು ಉಗಿದ ಚೂಯಿಂಗ್ ಗಮ್ಮಿನ ಹಾಗೆ ಜೋಲಾಡುತ್ತಿತ್ತು. ಸುಮ್ಮನೆ ಹೊರಗೆ ಬರುವುದಿಲ್ಲ ಅದು. ಗ್ಯಾಸಿನ ಬರ್ನರ್ ಹಿಡಿದು ಸುಡಬೇಕು. ಸುಟ್ಟ ರಬ್ಬರು ಉರಿಯುವುದಿಲ್ಲ, ಕುದಿಯುತ್ತದೆ. ಕರಿ ಗುಳ್ಳೆಯೆದ್ದು ಕೀವಿನ ಹಾಗೆ ಒಡೆದು ತೊಟ್ಟಿಕ್ಕುತ್ತದೆ. ಆ ಹೊಗೆಗೆ ಎದುರುಮನೆಯ ಗಿಡದ ಕಾಗೆಗಳು ಊರು ಬಿಟ್ಟವು, ಇನ್ನೂ ವಾಪಸು ಬಂದಿಲ್ಲ. ಭಾವಮೈದ ಅಲ್ಲೇ ಚರಂಡಿಯ ಪಕ್ಕ ಕೂತು ಬೆಳಗಿನ ತಿಂಡಿಯನ್ನೆಲ್ಲ ವಾಪಸು ಕೊಟ್ಟ. ಪಾಪ, ಅಂಗಡಿಗೆ ಹೊತ್ತಾಯಿತೆಂದು ಹೊರಟೇಹೋದ.

ನಾನು ಜಗ್ಗಲಿಲ್ಲ. ಉದ್ದ ಬೋಲ್ಟು, ಎರಡು ನಟ್ಟು, ಒಂದು ತುಂಡು ಪೈಪು ಇಟ್ಟುಕೊಂಡು ಹೊಸ ಬುಷ್ಷನ್ನು ನೇರವಾಗಿ ಒಳಗೆಳೆದು ಕೂರಿಸಿದೆ. ಬಲಗಡೆಯದನ್ನು ಹೇಗೆ ಕೂರಿಸಿದೆ ಎಂದು ಮಾತ್ರ ಕೇಳಬೇಡಿ. ದೊಡ್ಡ ಕಲಾವಿದರು ಗುಟ್ಟು ಬಿಟ್ಟುಕೊಡುವುದಿಲ್ಲ. ಸಂಜೆ ಕೈಯನ್ನು ಸೋಪಿನಲ್ಲಿ, ಸೀಮೆಎಣ್ಣೆಯಲ್ಲಿ, ಕೊನೆಗೆ ಪಾತ್ರೆ ತಿಕ್ಕುವ ಪುಡಿಯಲ್ಲಿ ತೊಳೆದರೂ ಅನ್ನದ ತುತ್ತು ಬಾಯಿ ಹತ್ತಿರ ಬಂದಾಗಲೆಲ್ಲ ಇಲಿಯ ನಾತ ಬಂದಂತಾಗುತ್ತಿತ್ತು. ಆದರೂ ಊಟದ ಹೊತ್ತಿಗೆ ಈ ಕಥೆಯನ್ನೆಲ್ಲ ಹೆಂಡತಿಗೆ, ಮಕ್ಕಳಿಗೆ, ಗೋಡೆ ಕಿವಿಗೊಟ್ಟಿದ್ದರೆ ಪಕ್ಕದ ಮನೆಯವರಿಗೂ ಹೇಳಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಬೆಳಿಗ್ಗೆ ಹೆಂಡತಿ ಆಸ್ಪತ್ರೆಗೆ ಒಯ್ಯಲು ಚೀಲ ತುಂಬುತ್ತಿದ್ದಳು. ಬಟ್ಟೆ, ದಿಂಬು, ನೀರಿನ ಬಾಟಲಿ. ಬಾಗಿಲ ಹತ್ತಿರ ಹೋದವಳು ಅಲ್ಲಿಂದಲೇ ಕೂಗಿದಳು.

"ರೀ, ಇಲ್ಲಿ ಬನ್ನಿ."

ಅವಳ ಕೈಯಲ್ಲಿ ಮಾವನ ರಬ್ಬರ್ ಚಪ್ಪಲಿಯಿತ್ತು, ದಪ್ಪ ಮೆತ್ತನೆಯದು. ಬಚ್ಚಲಿಗೂ ಅದೇ, ಅಂಗಳಕ್ಕೂ ಅದೇ, ಅವರ ಪಾದದ ಬೆವರು ಕುಡಿದು ಕುಡಿದು ಅದರ ಬಣ್ಣವೇ ಬದಲಾಗಿತ್ತು. ಬಲಗಾಲಿನದರಲ್ಲಿ ಹಿಮ್ಮಡಿಯಿರಬೇಕಾದ ಜಾಗ ಖಾಲಿ. ತೂತಿನಿಂದ ಅವಳ ಕಣ್ಣು ಕಾಣುತ್ತಿತ್ತು.

"ಇಲಿ" ಎಂದೆ. "ಇಲಿ ತಿಂದಿರಬೇಕು."

"ಇಷ್ಟು ದುಂಡಗೆ? ಕಂಪಾಸ್ ಇಟ್ಕೊಂಡು ತಿಂತಾ?"

"ಈಗಿನ ಇಲಿಗಳು..."

"ಇಲಿ ಸತ್ತು ಕಾರಿನಡಿ ಕೊಳೀತಿತ್ತು ಅಂತ ನಿನ್ನೆ ಅನ್ನದ ಮುಂದೆ ಹೇಳಿದ್ದು ಯಾರು?"

ಅಷ್ಟರಲ್ಲಿ ಭಾವಮೈದ ಬಂದ. ಅಕ್ಕನ ಕೈಯಿಂದ ಚಪ್ಪಲಿ ತೆಗೆದುಕೊಂಡು ಒಂದು ಸಲ ಮೂಸಿದ. ಮುಖ ಹಿಂಡಿದ. ಹೊರಗೆ ಹೋಗಿ, ಗಾಡಿಯ ಬಲಗಡೆಯ ಹಿಂಚಕ್ರದ ಪಕ್ಕ ಮಂಡಿಯೂರಿ, ತಲೆ ಒಳಗೆ ಹಾಕಿ ಉಸಿರೆಳೆದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಂಥ ಮೂಗನ್ನು ಹುಟ್ಟಿಸಿದ ದೇವರನ್ನು ಮನಸ್ಸಿನಲ್ಲೇ ಬೈದೆ.

"ಅಕ್ಕಾ" ಎಂದು ಅಲ್ಲಿಂದಲೇ ಕೂಗಿದ. "ಅಪ್ಪನ ಹಿಮ್ಮಡಿ ಇಲ್ಲಿದೆ!"

ಹೆಂಡತಿ ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಬಚಾವಾಗುತ್ತಿದ್ದೆ, ಬೈಗುಳಕ್ಕೆ ನನ್ನ ಬಳಿ ಉತ್ತರಗಳಿವೆ. ಅವಳು ಕಾರಿನ ಕೀ ತಂದು ನನ್ನ ಅಂಗೈಯಲ್ಲಿಟ್ಟಳು.

"ನೀವು ಗಟ್ಟಿಯಾಗಿದೆ ಅಂದ್ರೆ ಗಟ್ಟಿ. ಹೇಳಿ, ಅಪ್ಪನ್ನ ಇದ್ರಲ್ಲಿ ಮಲಗಿಸ್ಲಾ?"

ಬಾಯಿ ತೆರೆದೆ. ಹೂಂ ಎನ್ನಲು ನನ್ನಂಥವನಿಗೆ ಎಷ್ಟು ಹೊತ್ತು ಬೇಕು? ಮಾವನ ಬೆನ್ನಿನ ಉದ್ದಕ್ಕೂ ಓಡುವ ಆ ಹೊಲಿಗೆ ಕಣ್ಣ ಮುಂದೆ ಬಂತು. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದಾಗ ನೋಡಿದ್ದೆ. ಆಗಲೂ ಹೊರಗೆ ಓಡಿದವನು ನಾನೇ.

"ಬೇಡ" ಎಂದೆ. "ಮಲಗಿಸ್ಬೇಡ ಕಣೇ."

ಆಮೇಲೆ ಎಲ್ಲ ಹೊರಬಂತು, ತಡೆಯಲಾಗಲಿಲ್ಲ. "ಚರಂಡಿ ಹತ್ರ ಕೂತು ಕಾರಿಕೊಂಡಿದ್ದು ಇವನಲ್ಲ, ನಾನು. ಇಲಿ ತೆಗೆದಿದ್ದು ಇವನು. ಅದು ಕರುವಲ್ಲ, ಸುಂಡಿಲಿ. ರಬ್ಬರ್ ಸುಟ್ಟಿದ್ದು, ಎಡಗಡೆದು ಕೂರಿಸಿದ್ದು ಎಲ್ಲ ಇವನೇ. ಬಲಗಡೆದು ಮುಟ್ಟಬೇಡಿ ಭಾವ, ನಾಳೆ ಬೇಗ ಬಂದು ನಾನೇ ಹಾಕ್ತೀನಿ ಅಂತ ಹೇಳಿ ಅಂಗಡಿಗೆ ಹೋದ. ನಾನು ಬೋಲ್ಟು ಹಾಕಿ ನಿಧಾನಕ್ಕೆ ಎಳೆಯೋದು ಬಿಟ್ಟು ಸುತ್ತಿಗೆ ತಗೊಂಡು ಬಡಿದೆ. ಹೊಸ ರಬ್ಬರು ಸೊಟ್ಟಗಾಗಿ ಹರಿದುಹೋಯ್ತು. ಅಷ್ಟೊತ್ತಿಗೆ ಗಾಡಿ ಸಾಮಾನಿನ ಅಂಗಡಿ ಮುಚ್ಚಿತ್ತು. ಬಾಗಿಲಲ್ಲಿ ಚಪ್ಪಲಿ ಕಾಣಿಸ್ತು, ಬಿಲ್ಲೆ ಕತ್ತರಿಸಿ ತುರುಕಿದೆ."

"ನೀವು ಮಾಡಿದ್ದೇನು ಹಾಗಾದ್ರೆ?" ಎಂದಳು ಹೆಂಡತಿ.

"ಟಾರ್ಚ್ ಹಿಡಿದೆ. ಅದೂ ಅರ್ಧ ಹೊತ್ತು."

ಅವಳು ಆಸ್ಪತ್ರೆಗೆ ಫೋನು ಮಾಡಿ ಸಂಜೆ ಬರುತ್ತೇವೆ ಎಂದಳು. ಭಾವಮೈದ ಗಾಡಿ ಸಾಮಾನಿನ ಅಂಗಡಿ ತೆರೆಸಿ ಇನ್ನೊಂದು ಬುಷ್ ತಂದ. ಗಾಡಿಯಡಿ ತೂರುವ ಮುಂಚೆ ತನ್ನ ಮೂಗಿನ ಕರವಸ್ತ್ರ ಬಿಚ್ಚಿ ನನಗೆ ಕೊಟ್ಟ. ನಾನು ಕಟ್ಟಿಕೊಂಡೆ.

ಕಾರನ್ನು ಎತ್ತಿ ಹಿಡಿದದ್ದು ಜಾಕು. ನನ್ನ ಹಲ್ಲುಗಳಲ್ಲಿ ಎರಡು ಕಟ್ಟಿಸಿಕೊಂಡವು.