ರೆಹೆಮಾ ಹಿಡಿದ ನೆರಳು

ಇದ್ಯಾರ ಮುಖ, ಪೌಡರ್ ಬಳಿದುಕೊಂಡ ಹಾಗೆ, ಮದುವೆಮನೆ ಫೋಟೋದಲ್ಲಿ ಹಿಂದೆ ನಿಂತ ನೆಂಟರ ಹಾಗೆ — ಅಯ್ಯೋ, ಇದು ನನ್ನ ರೆಹೆಮಾ, ನನ್ನ ಆಫ್ರಿಕಾ ಪ್ರವಾಸದ ಪುಸ್ತಕದ ಮುಖಪುಟ, ಬಸ್ಸು ಬದಲಾಯಿಸಿ ಪೀಣ್ಯದ ಪ್ರೆಸ್ಸಿಗೆ ಬಂದದ್ದು ಇದನ್ನು ನೋಡುವುದಕ್ಕೆ, ಚೆನ್ನಾಗಿ ಬಂದೈತಲ್ಲಮ್ಮಾ ಅನ್ನುತ್ತಾನೆ ರಾಮಾಂಜಿನಪ್ಪ, ಫೋಟೋಗಳನ್ನು ತಿದ್ದುವುದು ಅವನ ಕೆಲಸ, ಕುಂಚ ಇನ್ನೂ ಕೈಯಲ್ಲಿದೆ, ಮಖ ಒಸಿ ಕಪ್ಪಾಗಿತ್ತು, ಮ್ಯಾಲೆ ನೆರಳು ಬೇರೆ ಬಿದ್ದಿತ್ತು, ನಿಮ್ಮ ಪುಸ್ತಕ ಅಂತ ನಾನೇ ಕುಂತು ಬೆಳ್ಳಗೆ ಮಾಡ್ದೆ. ಬೆಳ್ಳಗೆ! ನಾನೇನು ಗಂಡಿನ ಕಡೆಯವರಿಗೆ ತೋರಿಸಲು ಫೋಟೋ ಕೊಟ್ಟಿದ್ದೆನೇ — ಸಿಂಹ ಹಾಕೋಣ ಮೇಡಂ, ಸಿಂಹ ಇಲ್ದಿದ್ರೆ ಆಫ್ರಿಕಾ ಅಂತ ಯಾರು ನಂಬ್ತಾರೆ, ಎಂದು ಪ್ರೆಸ್ಸಿನ ಯಜಮಾನ ಗೋಪಾಲಪ್ಪ ಇಷ್ಟು ದಿನ ತಲೆ ತಿಂದ, ಸಿಂಹ ಒಳಪುಟದಲ್ಲಿದೆ, ಜಿರಾಫೆ ಇದೆ, ನೀರಾನೆ ಇದೆ, ಅವು ಯಾವುದಕ್ಕೂ ಈ ರಾಮಾಂಜಿನಪ್ಪ ಸುಣ್ಣ ಬಳಿದಿಲ್ಲ.

ನೆರಳು ಬಿದ್ದಿತ್ತಂತೆ. ಬಿದ್ದದ್ದಲ್ಲಪ್ಪಾ, ಹಿಡಿದದ್ದು — ಆಫ್ರಿಕಾದ ಅರುಷಾ ಊರಿನ ಸಂತೆ, ನೆತ್ತಿ ಸುಡುವ ಬಿಸಿಲು, ಕ್ಯಾಮೆರಾದ ರೀಲು ಮುಗಿದಿದೆ, ಈ ಬೆಳಕಿನಲ್ಲಿ ತೆರೆದರೆ ಹೊಸ ರೀಲೂ ಹಾಳು, ನಾನು ಸೆರಗು ಮುಚ್ಚಿಕೊಂಡು ಪರದಾಡುತ್ತಿದ್ದರೆ ಬಾಳೆಹಣ್ಣು ಮಾರುವ ಹೆಂಗಸು ಎದ್ದು ಬರುತ್ತಾಳೆ, ನನಗೆ ಅವಳ ಭಾಷೆ ಬಾರದು, ಅವಳು ಏನೂ ಕೇಳುವುದಿಲ್ಲ, ಹೊದ್ದ ಬಟ್ಟೆ ಬಿಚ್ಚಿ ಎರಡೂ ಕೈಯಲ್ಲಿ ನನ್ನ ತಲೆಯ ಮೇಲೆ ಹಿಡಿದು ನಿಲ್ಲುತ್ತಾಳೆ, ಅತ್ತ ಅವಳ ಹಣ್ಣಿಗೆ ಆಡು ಬಾಯಿ ಹಾಕಿದರೂ ಕೈ ಇಳಿಸುವುದಿಲ್ಲ — ಹೊಸ ರೀಲಿನ ಮೊದಲ ಚಿತ್ರ ಅವಳದೇ, ನನ್ನ ಮೇಲೆ ಬಾಗಿದ ಮುಖ, ಹಣೆಯಿಂದ ತುಟಿಯವರೆಗೆ ಆ ಬಟ್ಟೆಯ ನೆರಳು, ಹೆಸರನ್ನು ಆಮೇಲೆ ಕೇಳಿದೆ, ರೆಹೆಮಾ, ಎದೆ ಮುಟ್ಟಿ ಹೇಳಿದಳು. ನೆಗೆಟಿವ್‌ಗೆ ಬೂಷ್ಟು ಹಿಡಿದಿದೆ, ಇರುವ ಪ್ರಿಂಟು ಇದೊಂದೇ, ಒಳಗಿಂದ ಗೋಪಾಲಪ್ಪನ ಕೂಗು, ಮೆಷಿನ್ ಖಾಲಿ ಐತೆ, ಮುಖಪುಟ ಅಚ್ಚಿನ ಪ್ಲೇಟ್‌ಗೆ ಕೊಡ್ಲಾ ಮೇಡಂ, ನಾನು ಪ್ರಿಂಟಿಗೆ ಕೈ ಅಡ್ಡ ಹಿಡಿಯುತ್ತೇನೆ, ತಡೀರಿ ಸಾರ್, ಅಮ್ಮಂಗೆ ಇಡಿಸ್ಲಿಲ್ಲ — ರಾಮಾಂಜಿನಪ್ಪ ನನ್ನ ಮುಖ ನೋಡಿಬಿಟ್ಟಿದ್ದಾನೆ, ತನ್ನ ಸ್ಟೂಲು ನನ್ನ ಕಡೆ ತಳ್ಳಿ, ಹತ್ತಿಯ ಉಂಡೆ ಒದ್ದೆ ಮಾಡಿಕೊಂಡು ಬಂದಿದ್ದಾನೆ, ನೀರಿನ ಬಣ್ಣ ಅಮ್ಮಾ, ಬಂದ್ಬಿಡ್ತದೆ, ಕಾಗದ ಕಿತ್ಕೊಂಡು ಬರ್ದಿದ್ರೆ ಸಾಕು — ನಿಧಾನ ಕಣಪ್ಪಾ, ನಿಧಾನ, ಕೆನ್ನೆ ಬಂತು, ಕಪ್ಪು, ಹೊಳೆಯುವ ಕಪ್ಪು, ಹತ್ತಿ ಬೆಳ್ಳಗಾಯಿತು, ಮೂಗು ಬಂತು, ಹಣೆಯ ಮೇಲೆ ಬಟ್ಟೆಯ ನೆರಳು, ಕಣ್ಣಿನ ಮೇಲೆ ಬಟ್ಟೆಯ ನೆರಳು, ಇನ್ನೊಂದು ಕಣ್ಣು ಇನ್ನೂ ಸುಣ್ಣದೊಳಗೆ, ಬಟ್ಟೆಯ ನೆರಳು, ನೆರಳು —