ಕಾಯೋರ ಕಡೆಯಿಂದ

ಗಂಟೆ ಹೊಡೆದುಕೊಂಡು ಅಡ್ಡಗಂಬ ಇಳಿದೇಬಿಟ್ಟಿತು. ಶವದ ವ್ಯಾನು ಸೇತುವೆಯ ಬಾಯಲ್ಲೇ ಗಕ್ಕನೆ ನಿಂತಿತು.

"ಇವತ್ತೂನಾ!" ಅಳಿಯ ಹಣೆ ಚಚ್ಚಿಕೊಂಡ. "ಮಾವನಿಗೆ ಇವತ್ತಾದ್ರೂ ದಾರಿ ಬಿಡಬಾರದಾ?"

ಮುಂದೆ ಕೂತಿದ್ದ ಮುದುಕಿ ಗೋಪುರದ ಕಡೆ ಕತ್ತೆತ್ತಿ ನೋಡಿದಳು. ಹಿಂದೆ ಪೆಟ್ಟಿಗೆಯಲ್ಲಿದ್ದ ಅವಳ ಗಂಡ ಮೀಸೆ ಚಿಗುರಿದಾಗಿನಿಂದ ಹಲ್ಲು ಉದುರುವ ತನಕ ಈ ಉದ್ದ ಸೇತುವೆಯನ್ನು ಎತ್ತಿ ಇಳಿಸಿದವನು. ಮೊದಲು ಅದನ್ನೆತ್ತುವ ಚಕ್ರವನ್ನು ನಾಲ್ಕಾಳು ಸೇರಿ ಕೈಯಲ್ಲೇ ತಿರುಗಿಸಬೇಕಿತ್ತು, ಆಮೇಲೆ ಮೋಟಾರು ಬಂತು. ಎರಡು ಗೋಪುರಗಳ ನಡುವಿನ ರಸ್ತೆ ಇಡಿಯಾಗಿ ಆಕಾಶಕ್ಕೇರುತ್ತದೆ, ಕೆಳಗೆ ಹಡಗು ದಾಟುತ್ತದೆ, ಊರಿಗೆ ಊರೇ ಎರಡೂ ದಡದಲ್ಲಿ ಗೊಣಗುತ್ತಾ ಕಾಯುತ್ತದೆ.

ಗೋಪುರದ ಕೋಣೆಯಿಂದ ಮೈಕು ಕರಕರ ಅಂದಿತು. ಅಲ್ಲಿದ್ದವನು ಕುಳ್ಳ, ಸತ್ತವನ ಕೈಕೆಳಗೇ ಕೆಲಸ ಕಲಿತವನು. "ಅತ್ತಿಗೇ, ಹಡಗು ತಿರುವಿನಲ್ಲಿದೆ. ಬೇಗ ಹೋದ್ರೆ ಅಣ್ಣನ್ನ ದಾಟಿಸಿಬಿಡಬಹುದು. ನೀವು ಹೂಂ ಅಂದ್ರೆ ಸಾಕು!"

ಸಾಲಿನಲ್ಲಿದ್ದ ಲಾರಿಯವರು, ಸೈಕಲ್ಲಿನವರು ಎಲ್ಲರೂ ಕಿವಿ ನೆಟ್ಟಗೆ ಮಾಡಿದರು.

"ಹೂಂ ಅನ್ನಮ್ಮ," ಅಂದಳು ಮಗಳು. "ಜೀವಮಾನವೆಲ್ಲ ಹಡಗಿಗೇ ಮೊದಲ ಮರ್ಯಾದೆ ಆಯ್ತು."

*

ಈ ಮಗಳು ಹುಟ್ಟಿದ್ದೂ ಇಲ್ಲೇ. ನೋವು ಶುರುವಾಗಿ ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟರೆ ಸೇತುವೆ ಮೇಲೇರಿತ್ತು. ಗೋಪುರದ ಕಿಟಕಿಯಲ್ಲಿ ಗಂಡನ ಮುಖ. ಅವಳು ಕಿರುಚಿದಳು, ಅವನ ವಂಶವನ್ನೆಲ್ಲ ಜಾಲಾಡಿದಳು. ಸೇತುವೆ ಇಳಿಯಲಿಲ್ಲ. ಹಡಗು ದಾಟುವಷ್ಟರಲ್ಲಿ ಮೀನು ಮಾರುವ ಹೆಂಗಸೊಬ್ಬಳು ಹೆರಿಗೆ ಮಾಡಿಸಿಯಾಗಿತ್ತು.

ಗಂಡ ಗೋಪುರ ಇಳಿದು ಓಡಿಬಂದ. "ಗಾಡಿಗೆ ಬ್ರೇಕಿದೆ ಕಣೇ, ಹೊಳೆಗಿಲ್ಲ. ಇಳಿಸಿದ್ದಿದ್ರೆ ಹಡಗಿನವರು ಉಳೀತಿರಲಿಲ್ಲ."

"ನಾನು ಸತ್ತಿದ್ರೆ?"

ಅವನು ಗೊಳೋ ಎಂದು ಅತ್ತುಬಿಟ್ಟ.

ಅವನು ಮಾಡಿದ್ದು ಸರಿ ಅಂತ ಅವಳಿಗೆ ಆಗಲೇ ಗೊತ್ತಿತ್ತು. ಒಪ್ಪಿಕೊಂಡರೆ ತಾನು ಸೋತಂತೆ ಅಂತ ಬಾಯಿ ಬಿಡಲಿಲ್ಲ. ಮೊಮ್ಮಕ್ಕಳಾದ ಮೇಲೂ ಊಟ ಬಡಿಸುವಾಗ "ಹಡಗಿನವರದ್ದು ಊಟ ಆಯ್ತಾ? ಹಾಗಾದ್ರೆ ಇನ್ನು ನಾವೂ ಉಣ್ಣಬಹುದು" ಅಂತ ಕೆಣಕುತ್ತಿದ್ದಳು. ಅವನು ನಕ್ಕು ಇನ್ನೊಂದು ತುತ್ತು ಹೆಚ್ಚಿಗೆ ತಿನ್ನುತ್ತಿದ್ದ. ಒಟ್ಟಿನಲ್ಲಿ ಚೆನ್ನಾಗೇ ಬಾಳಿದರು.

*

ಮುದುಕಿ ಕಿಟಕಿಯಿಂದ ತಲೆ ಹೊರಹಾಕಿದಳು. "ತಲೆ ಕೆಟ್ಟಿದೆಯೇನೋ ಕುಳ್ಳ! ನಿಮ್ಮಣ್ಣನಿಗೇನು ರೈಲು ತಪ್ಪಿಹೋಗುತ್ತಾ? ಎತ್ತೋ ಮೇಲಕ್ಕೆ!"

ಸಾಲಿಗೆ ಸಾಲೇ ಗೊಳ್ಳೆಂದಿತು. ಸೇತುವೆ ನರಳಿಕೊಂಡು ಅಲುಗಿತು.

"ಅಮ್ಮ, ನೀನಾ ಈ ಮಾತು ಹೇಳ್ತಿರೋದು?"

"ನಾನೇ. ಆವತ್ತು ನಿಮ್ಮಪ್ಪ ಮಾಡಿದ್ದು ಸರಿ ಇತ್ತು."

"ಅಪ್ಪನಿಗೆ ಒಂದು ಸಲ ಹೇಳಬಾರದಿತ್ತಾ?"

ಮುದುಕಿಯ ಕಣ್ಣು ತುಂಬಿತು. ಮೂಗು ಒರೆಸಿಕೊಂಡು ಡ್ರೈವರ್ ಕಡೆ ತಿರುಗಿದಳು. "ವ್ಯಾನು ತಿರುಗಿಸಪ್ಪ. ಹಿಂಬಾಗಿಲು ಹೊಳೆ ಕಡೆ ಬರಲಿ."

ಲಾರಿ ಹಿಂದಕ್ಕೆ ಸರಿಯಿತು, ಸೈಕಲ್ಲುಗಳು ಪಕ್ಕಕ್ಕಾದವು. ವ್ಯಾನು ತಿರುಗಿ ನಿಂತಿತು. ಅಳಿಯ ಬಾಗಿಲು ತೆರೆದು ಅವಳನ್ನು ಹತ್ತಿಸಿದ. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಇಷ್ಟು ವರ್ಷ ಮೇಲೆ ಕೂತೇ ನೋಡಿದ್ರಿ. ಕಾಯೋರ ಕಡೆಯಿಂದ ಒಂದ್ಸಲ ನೋಡಿ. ತುಂಬಾ ಚೆಂದ ಕಾಣುತ್ತೆ ರೀ."

ರಸ್ತೆ ಮೆಲ್ಲಗೆ ಆಕಾಶಕ್ಕೇರಿತು. ಅದರಡಿಯಲ್ಲಿ ಹಡಗಿನವರು ಟೋಪಿ ತೆಗೆದು ಸಾಗುತ್ತಿದ್ದರೆ, ಮುದುಕಿ ಗಂಡನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತು ಅವರಿಗೆ ಕೈಬೀಸುತ್ತಿದ್ದಳು.