ಮೇಷ್ಟ್ರ ಮಗಳು ಓದಿದ ಕಾಗದಗಳು

ಹೊ, ಸ, ಉಳಿದದ್ದು ಮಣ್ಣಿನಲ್ಲಿ ಹೂತುಹೋಗಿದೆ, ಆದರೂ ಕಣ್ಣು ಓದಿ ಮುಗಿಸಿತು, ಹೊಸಕೋಟೆ, ಬಸ್ಸು ಆ ಹಳೆಯ ಮೈಲಿಗಲ್ಲನ್ನು ದಾಟಿ ಆಗಲೇ ಮುಂದೆ ಬಂದಾಯಿತು, ನಾನು ಓದಬೇಕೆಂದು ಓದಿದ್ದಲ್ಲ, ಬೋಳುತಲೆಯ ಮೇಲೆ ಬಿಸಿಲು ಬಿದ್ದ ಹಾಗೆ ಅಕ್ಷರ ಕಣ್ಣಿನ ಮೇಲೆ ಬಿತ್ತು, ಅರವತ್ತಮೂರು ವರ್ಷದ ಕಣ್ಣು, ಒಂದಕ್ಕೆ ಪೊರೆ ಬಂದಿದೆ, ಆದರೂ ಬಿಡುವುದಿಲ್ಲ, ಪಕ್ಕದವನ ಬೀಡಿಕಟ್ಟಿನ ಮೇಲಿನ ಚೀಟಿ, ಮುಂದಿನ ಸೀಟಿನ ಬೆನ್ನಿಗೆ ಯಾರೋ ಮೊಳೆಯಿಂದ ಗೀಚಿದ ಹೆಸರು, ಧೂಮಪಾನ ನಿಷೇಧಿಸಿದೆ, ಮಗಳನ್ನು ಮಣ್ಣು ಮಾಡಿ ತಿಥಿ ಮುಗಿಸಿ ಬರುತ್ತಿರುವವನಿಗೆ ಧೂಮಪಾನದ ಗೊಡವೆ ಏಕೆ, ಆದರೆ ಒಮ್ಮೆ ಓದು ಬಂದವನಿಗೆ ಓದದೆ ಇರಲು ಬರುವುದಿಲ್ಲ, ಮೂವತ್ತೈದು ವರ್ಷ ಪಾಠ ಹೇಳಿದೆ, ಇಷ್ಟು ಸಣ್ಣ ಸಂಗತಿಯನ್ನು ನಿನ್ನೆಯ ತನಕ ಯೋಚಿಸಿರಲಿಲ್ಲ ಸ್ವಾಮಿ ವೆಂಕಟರಮಣ, ಯೋಚಿಸುವಂತೆ ಮಾಡಿದ್ದು ಬೀಗಿತ್ತಿ ಸಪ್ಪಲಮ್ಮ. ಅನುಗೊಂಡನಹಳ್ಳಿಯ ಆ ಮನೆಯಲ್ಲಿ ಎಲೆ ಎತ್ತಿದ ಮೇಲೆ ಕಂಬಕ್ಕೆ ಒರಗಿ ಕೂತು, ಸೊಸೆಗಾಗಿ ಅತ್ತು ಅತ್ತು ಗಂಟಲು ಕಟ್ಟಿದ್ದರೂ ನನ್ನನ್ನು ಚುಚ್ಚುವುದನ್ನು ಬಿಡದೆ, ಏನೇ ಹೇಳಿ ಬೀಗ್ರೇ, ನಿಮ್ ಮಕ ನೋಡುದ್ರೆ ಗುದ್ಲಿ ಕಾವು ಇದ್ದಂಗೈತೆ, ಕಾಗ್ದದಾಗೆ ಮಾತ್ರ ಬೆಣ್ಣೆ, ಅಂದಳು. ಯಾವ ಕಾಗದ ಅಂದೆ. ಅದೇ ನೀವ್ ನಿಮ್ ಮಗ್ಳು ಮುತ್ತೂಗ್ ಬರೀತಿದ್ದುದ್ದು, ಕಾರ್ಡ್ ಬಂತು ಅಂದ್ರೆ ನಮ್ ಬೀದಿ ಹೆಂಗಸ್ರೆಲ್ಲ ಕೆಲ್ಸ ಬಿಟ್ಟು ಜಗಲೀಗೆ ಬರೋರು, ಅವ್ಳು ಓದೋಳು, ನಾವ್ ಕೇಳೋದು, ನೀನಿಲ್ದೆ ಮನೆ ಬಿಕೋ ಅಂತೈತೆ ಮಗ್ಳೇ, ತುಳ್ಸಿಕಟ್ಟೆ ತಾವ ನೀನೇ ನಿಂತಂಗೆ ಕಾಣ್ತೈತೆ, ತಿರುಗಿ ನೋಡುದ್ರೆ ಯಾರೂ ಇಲ್ಲ, ಅಂತ ಬರ್ದಿದ್ರಲ್ಲ, ಅವತ್ತು ನಾನೇ ಸೆರಗು ಬಾಯಿಗಿಟ್ಕಂಡೆ ಕಣ್ರೀ.

ನಾನು ಹಾಗೆ ಬರೆದವನಲ್ಲ. ನಾನು ಬರೆಯುತ್ತಿದ್ದದ್ದು ನನಗೆ ಬಾಯಿಪಾಠವಾಗಿದೆ, ಮೇಲೆ ಶ್ರೀಕಾರ, ಚಿರಂಜೀವಿ ಸೌಭಾಗ್ಯವತಿ ಮುತ್ತಮ್ಮನಿಗೆ ಆಶೀರ್ವಾದಗಳು, ಇಲ್ಲಿ ಎಲ್ಲರೂ ಕ್ಷೇಮ, ಅತ್ತೆಯ ಮಾತು ಮೀರಬೇಡ, ಶನಿವಾರದ ಒಪ್ಪೊತ್ತು ಬಿಡಬೇಡ, ದೇವರ ನಾಮಸ್ಮರಣೆ ಮಾಡು, ಇತಿ ಮುನಿರಾಮಯ್ಯ, ಇಷ್ಟೇ, ತಿಂಗಳಿಗೊಂದು, ಮಗ್ಗಿಯ ಹಾಗೆ ಒಂದೇ ತರಹ. ತುಳಸಿಕಟ್ಟೆಯ ಹತ್ತಿರ ಅವಳು ನಿಂತಂತೆ ಕಂಡದ್ದೇನೋ ನಿಜ, ಒಂದಲ್ಲ ನೂರು ಸಲ ಕಂಡಿತ್ತು, ಆದರೆ ಅದನ್ನು ಬರೆಯುವುದು ಗಂಡಸಿಗೆ, ಅದರಲ್ಲೂ ಮೇಷ್ಟ್ರಿಗೆ, ಅಕ್ಷರವನ್ನು ಅಂಥ ಮಾತಿಗೆ ಹಾಳುಮಾಡಬಾರದು ಎಂದು ನಾವು ಕಲಿತದ್ದು. ಹುಡುಗಿ ಅಪ್ಪನ ಮಾನ ಕಾಯುವುದಕ್ಕೆ ಸ್ವಲ್ಪ ಸಕ್ಕರೆ ಬೆರೆಸಿ ಓದಿದ್ದಾಳೆ ಎಂದುಕೊಂಡೆ, ಎದೆ ತುಂಬಿ ಬಂತು, ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಟಪಾಲಿನ ಅಪ್ಪಯ್ಯಣ್ಣ ಕೇಳೋನು, ಓದಿ ಹೇಳ್ಲೇನಮ್ಮಾ ಅಂತ, ಹೋಗಪ್ಪಾ ಹೋಗು, ನಮ್ಮನೇಲಿ ಮೇಷ್ಟ್ರ ಮಗ್ಳೇ ಅವ್ಳೆ, ನಿನ್ ಓದು ಯಾವಳಿಗೆ ಬೇಕು, ಅಂತ ನಾನೇ ಅಟ್ತಿದ್ದೆ ಅಂದಳು ಸಪ್ಪಲಮ್ಮ, ಆಮೇಲೆ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ, ಮುತ್ತೂನ ಅವ್ವ ಸಾಯೋ ಕಾಲ್ದಾಗೆ ಯಾಕ್ ಬೀಗ್ರೇ ಒಂದ್ ಕಾರ್ಡ್ ಹಾಕ್ನಿಲ್ಲ, ಹಾಕಿದ್ರೆ ನಮ್ ಆವಲಪ್ಪ ಅವತ್ತೇ ಗಾಡಿ ಕಟ್ಟಿ ಹೆಂಡ್ತೀನ ಕರ್ಕಂಡ್ ಬರ್ತಿದ್ದ. ಹಾಕಿದ್ದೆ ಅಂದೆ. ಕಾರ್ತಿಕದಲ್ಲಿ, ಅರವತ್ತೊಂಬತ್ತನೇ ಇಸವಿ. ಕಾರ್ತಿಕದಾಗೆ ಒಂದ್ ಬಂತು ಬಿಡಿ, ಅದು ಹಸ ಈದಿದ್ದು, ಹೆಣ್ಗರ ಹಾಕೈತೆ, ನಿನ್ ಹೆಸ್ರೇ ಇಟ್ಟಿವ್ನಿ ಅಂತ ಬರ್ದಿದ್ರಿ, ಅವತ್ತೆಲ್ಲಾ ನಕ್ಕಿದ್ದೇ ನಕ್ಕಿದ್ದು, ಮೇಷ್ಟ್ರು ಕರೂಗೆ ಮಗಳ ಹೆಸ್ರು ಇಟ್ಟವ್ರೆ, ನಾಳೆ ಹಾಜ್ರಿ ಪುಸ್ತಕದಾಗೂ ಬರೀತಾರೆ ಅಂತ. ನಮ್ಮ ಮನೆಯಲ್ಲಿ ಆಗ ಹಸುವೇ ಇರಲಿಲ್ಲ. ಕೈಯಲ್ಲಿದ್ದ ನೀರಿನ ಚೊಂಬನ್ನು ನೆಲಕ್ಕಿಟ್ಟೆ. ಆ ಕಾರ್ಡಿನಲ್ಲಿ ನಾನು ಬರೆದದ್ದು ಎರಡೇ ಸಾಲು, ನಿನ್ನ ತಾಯಿಗೆ ಜಡ್ಡು ಬಲವಾಗಿದೆ, ಕಂಡ ಕೂಡಲೇ ಹೊರಟು ಬರುವುದು, ನನ್ನ ಹೆಂಡತಿ ಅನುಸೂಯ ಹಾಸಿಗೆಯಲ್ಲಿ ಬಾಗಿಲ ಕಡೆಗೇ ತಲೆ ತಿರುಗಿಸಿಕೊಂಡಿದ್ದಳು, ಬಂದಳಾ, ಗಾಡಿ ಸದ್ದಾಯ್ತಾ, ನೋಡಿ ಒಂಚೂರು, ಒಂಬತ್ತು ದಿನ ಬಾಗಿಲನ್ನೇ ನೋಡಿ ಕಣ್ಣು ಮುಚ್ಚಿದಳು. ಸತ್ತ ಸುದ್ದಿಯನ್ನು ಆಳು ಕಳಿಸಿ ಹೇಳಿಸಿದ ಮೇಲೆ ಮುತ್ತಮ್ಮ ಬಂದಳು, ಚಪ್ಪರದ ಕೆಳಗೆ ಎಲ್ಲರ ಮುಂದೆ ನಾನು ಅಂದೆ, ಓದು ಬಂದವಳಿಗೆ ಎರಡು ಸಾಲು ಸಾಲಲಿಲ್ಲವೇ. ಅವಳು ಬಾಯಿ ತೆರೆದಳು, ನನ್ನನ್ನು ನೋಡಿದಳು, ಸುತ್ತ ನಿಂತಿದ್ದವರನ್ನು ನೋಡಿದಳು, ಅವರಲ್ಲಿ ಅರ್ಧ ಜನ ನನ್ನ ಶಿಷ್ಯರು, ಬಾಯಿ ಮುಚ್ಚಿಕೊಂಡಳು. ಉತ್ತರವಿಲ್ಲದವಳು ಎಂದುಕೊಂಡೆ. ಅಂದಿನಿಂದ ನಾನು ಒಂದು ಕಾರ್ಡೂ ಹಾಕಲಿಲ್ಲ, ಐದು ವರ್ಷ, ಅವಳು ಹಬ್ಬಕ್ಕೆ ಬಂದರೆ ನಾನು ದೇವರ ಮನೆಯಿಂದ ಹೊರಗೆ ಬರುತ್ತಿರಲಿಲ್ಲ, ನಿನ್ನ ಎದುರಿಗೇ ಕೂತಿರುತ್ತಿದ್ದೆನಲ್ಲ ವೆಂಕಟರಮಣ, ಬಾಗಿಲ ಆಚೆ ಅವಳು ಕೆಮ್ಮಿ ಕೆಮ್ಮಿ ನಿಂತು ಹೋಗುತ್ತಿದ್ದದ್ದು ನಿನಗೂ ಕೇಳಿಸಿರಬೇಕು, ಆ ನಾಲ್ಕು ಹೆಜ್ಜೆ ನಡೆದು ಬಾಗಿಲು ತೆಗೆ ಎಂದು ನೀನೂ ಹೇಳಲಿಲ್ಲ.

ಓದು ಬಾರದು ಎಂದು ಒಂದು ಮಾತು ಅಂದಿದ್ದರೆ, ಆದರೆ ಹೇಗೆ ಅನ್ನುತ್ತಾಳೆ, ಊರಿಗೆಲ್ಲ ಅಕ್ಷರ ಹೇಳಿದವನ ಮಗಳು, ತಾಯಿಯ ಸಾವಿಗೆ ಬರದ ಪಾಪಿ ಅನ್ನಿಸಿಕೊಂಡಾಳು, ಅಪ್ಪ ಕಲಿಸಲಿಲ್ಲ ಅನ್ನಿಸುವುದಿಲ್ಲ. ನಾನು ಕಲಿಸಿದ್ದೆ. ಐದನೇ ವರ್ಷದಲ್ಲಿ ತಟ್ಟೆಯ ಅಕ್ಕಿಯಲ್ಲಿ ಅವಳ ಬೆರಳು ಹಿಡಿದು ಶ್ರೀ ಬರೆಸಿದ್ದೆ, ಆಮೇಲೆ ಮರಳು, ಆಮೇಲೆ ಸ್ಲೇಟು, ಆಮೇಲೆ ಆ ಹಾಡು, ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಇಡೀ ಶಾಲೆ ಮಳೆ ಹೊಯ್ದ ಹಾಗೆ ಹೇಳುತ್ತಿತ್ತು, ಬೆತ್ತ ಹಿಡಿದು ಪಟದ ಮುಂದೆ ನಿಂತು ಹೇಳಿಸುತ್ತಿದ್ದವಳು ಅವಳೇ, ಎಷ್ಟು ಚೆಂದದ ಗಂಟಲು, ಒಂದು ಕಡೆಯೂ ತಪ್ಪುತ್ತಿರಲಿಲ್ಲ, ನನ್ನ ನಿಯಮ ಅದು, ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಇಷ್ಟೂ ತಪ್ಪಿಲ್ಲದೆ ಬಾಯಿಗೆ ಬರುವ ತನಕ ಪುಸ್ತಕ ಮುಟ್ಟುವ ಹಾಗಿಲ್ಲ, ಪುಸ್ತಕ ಕೊಟ್ಟ ಮೇಲೂ ನಾನು ಒಂದು ಸಾಲು ಓದುವುದು, ಅವರು ಹೇಳುವುದು, ಎರಡನೇ ದಿನಕ್ಕೆ ಅವಳಿಗೆ ಪಾಠ ಪೂರ್ತಿ ಬರುತ್ತಿತ್ತು, ಹಾಳೆಯನ್ನೂ ಸರಿಯಾದ ಜಾಗದಲ್ಲೇ ತಿರುಗಿಸುತ್ತಿದ್ದಳು, ಇನ್‌ಸ್ಪೆಕ್ಟರು ಬಂದವರು ಬೆನ್ನು ತಟ್ಟಿ ಪೆನ್ಸಿಲು ಕೊಟ್ಟರು, ಮೇಷ್ಟ್ರೇ ಈ ಮಗು ಸರಸ್ವತಿ ಅಂದರು, ನಾಲ್ಕನೇ ಕ್ಲಾಸಿಗೆ ಬಿಡಿಸಿದೆ, ಇನ್ನು ಕಲಿಯುವುದೇನಿದೆ ಎಂದು. ಅರವತ್ತೆರಡರ ಬೇಸಿಗೆಯಲ್ಲಿ ದೇವನಹಳ್ಳಿಯಲ್ಲಿ ಹತ್ತು ದಿನದ ತರಬೇತಿ, ಪ್ಯಾಂಟು ತೊಟ್ಟ ಚಿಕ್ಕ ವಯಸ್ಸಿನವರು, ಆದಿನಾರಾಯಣಪ್ಪ ಅಂತ, ನಮ್ಮಂಥ ಹಣ್ಣು ಹಣ್ಣು ಮೇಷ್ಟ್ರುಗಳಿಗೆ ಪಾಠ ಹೇಳಬಂದವರು, ಒಂದು ರಟ್ಟಿನಲ್ಲಿ ಚೌಕವಾಗಿ ತೂತು ಕೊರೆದು ಪುಸ್ತಕದ ಮೇಲಿಟ್ಟರೆ ಒಂದೇ ಒಂದು ಅಕ್ಷರ ಕಾಣುತ್ತದೆ, ಅದನ್ನು ಕೇಳಿ ನೋಡಿ ಸಾರ್, ನಿಮ್ಮ ಮಕ್ಕಳು ಅಕ್ಷರ ಓದ್ತಾ ಇಲ್ಲ, ರಾಗ ಓದ್ತಾ ಇದಾರೆ, ಮಧ್ಯದಲ್ಲಿ ಒಂದನ್ನ ಎತ್ತಿ ತೋರಿಸಿದ್ರೆ ಮೊದಲಿಂದ ಹಾಡ್ಕೊಂಡು ಬರ್ತಾರೆ, ಅಂದರು. ನನ್ನ ಪಕ್ಕದಲ್ಲಿದ್ದ ದೊಡ್ಡಮುನಿಯಪ್ಪ ಮೇಷ್ಟ್ರು ಎದ್ದು ನಿಂತು, ಅಕ್ಷರಾನ ಕಿಟಕೀಲಿ ಇಣುಕಿ ನೋಡ್ಬೇಕಾ ಸ್ವಾಮಿ, ನಮ್ ಕಾಲ್ದಾಗೆ ಬಾಗ್ಲಲ್ಲೇ ಬತ್ತಿದ್ದೋ, ಎಂದದ್ದಕ್ಕೆ ಎಲ್ಲರೂ ಗೊಳ್ಳೆಂದೆವು, ನಾನೂ ನಕ್ಕೆ, ಆದರೂ ರಟ್ಟನ್ನು ಜೇಬಿಗೆ ಹಾಕಿಕೊಂಡು ಬಂದೆ. ದೊಡ್ಡಬೆಳವಂಗಲದ ಹತ್ತಿರದ ನಮ್ಮ ಶಾಲೆಯಲ್ಲಿ ಮೂವತ್ತೆರಡು ಮಕ್ಕಳು, ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಕೇಳಿದೆ, ಒಂಬತ್ತು ಜನ ಹೇಳಿದರು, ಮಿಕ್ಕವರ ತುಟಿ ಸದ್ದಿಲ್ಲದೆ ಅ ಆ ಇ ಈ ಇಂದ ಹೊರಟು ಎಲ್ಲೋ ದಾರಿ ತಪ್ಪುತ್ತಿತ್ತು, ಇಪ್ಪತ್ತಮೂರು ತುಟಿ. ಸಂಜೆ ಮನೆಗೆ ಬಂದೆ, ಅಂಗಳದಲ್ಲಿ ಮುತ್ತಮ್ಮ ರಾಗಿ ಕೇರುತ್ತಿದ್ದಳು, ಮದುವೆ ಗೊತ್ತಾಗಿತ್ತು, ಮೊರದ ದೂಳು ರೆಪ್ಪೆಯ ಮೇಲೆ ಕೂತಿತ್ತು, ಏನಪ್ಪಾ ಜೇಬಲ್ಲಿ, ಅದ್ಯಾಕೆ ರಟ್ಟಿಗೆ ತೂತು, ಇಲಿ ಕಡೀತಾ, ಅಂತ ನಕ್ಕಳು. ಇಲ್ಲಿ ಬಾಮ್ಮ ಎನ್ನಬೇಕಿತ್ತು. ಪುಸ್ತಕ ಒಳಗಿನ ಗೂಡಿನಲ್ಲೇ ಇತ್ತು, ಐದು ನಿಮಿಷದ ಕೆಲಸ, ಮದುವೆಗೆ ಇನ್ನೂ ಎರಡು ತಿಂಗಳಿತ್ತು, ಎರಡು ತಿಂಗಳಲ್ಲಿ ಕಲಿಸಬಹುದಿತ್ತು, ಅಷ್ಟು ಚುರುಕು ಹುಡುಗಿ. ಏನಿಲ್ಲ ಹೋಗು, ಎಂದೆ, ನೀರೊಲೆಯ ಹತ್ತಿರ ಹೋಗಿ ರಟ್ಟನ್ನು ಬೆಂಕಿಗೆ ಹಾಕಿದೆ. ನಂಬಿಕೆಯಿಂದ ಹಾಕಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ, ಅಲ್ಲ, ಅಂಜಿ ಹಾಕಿದೆ, ಇಪ್ಪತ್ತನಾಲ್ಕನೇ ತುಟಿ ಅವಳದಾದರೆ ಎಂದು ಅಂಜಿದೆ, ನನಗಾಗಿ ಅಂಜಿದೆ.

ಬೆಳಿಗ್ಗೆ ಹೊರಡುವಾಗ ಸಪ್ಪಲಮ್ಮ ಹಳೆಯ ಸೀರೆಯ ಅಂಚಿನಲ್ಲಿ ಕಟ್ಟಿದ ಈ ಗಂಟನ್ನು ಕೈಗಿಟ್ಟಳು, ತಗಳಿ ಬೀಗ್ರೇ, ನಮ್ಮನೇಲಿ ಇನ್ಯಾರು ಓದ್ತಾರೆ, ನೀವು ಕಾರ್ಡ್ ಹಾಕೋದ್ ನಿಲ್ಸಿದ್ ಮ್ಯಾಲೆ ಹಳೇವ್ನೇ ತಗದು ಓದೋಳು, ಹಳೇ ಕಾಗ್ದಾನೇ, ಆದ್ರೆ ಒಂದೊಂದ್ ಸಲಾನೂ ಹೊಸ್ದಾಗಿ ಕೇಳ್ಸೋದು, ಅದ್ಹೆಂಗೋ, ಜ್ವರ ಬಂದು ಮಲಗಿದ್ದಾಗ್ಲೂ ಒಂದ್ ಓದುದ್ಲು, ಅಪ್ಪ ಬರ್ತಾನಂತೆ ಅಂದ್ಲು. ಅದು ಹೇಗೆ ಎಂದು ನನಗೆ ಗೊತ್ತಿತ್ತು, ಮುತ್ತಮ್ಮ ಹನ್ನೆರಡು ವರ್ಷ ಕಾಪಾಡಿದ್ದನ್ನು ನಾನು ಜಗಲಿಯ ಮೇಲೆ ಬಿಚ್ಚಲಾರೆ. ಈಗ ತೊಡೆಯ ಮೇಲೆ ಬಿಚ್ಚಿದ್ದೇನೆ, ಬಸ್ಸಿನ ಕುಲುಕಾಟದಲ್ಲಿ ಕಾರ್ಡುಗಳು ಜಾರುತ್ತವೆ, ಕಣ್ಣು ಓದಲು ಹೋಗುತ್ತದೆ, ಬೇಡ ಅಂದರೂ ಹೋಗುತ್ತದೆ, ಇಲ್ಲಿ ಎಲ್ಲರೂ ಕ್ಷೇಮ, ಅತ್ತೆಯ ಮಾತು ಮೀರಬೇಡ, ಆದರೆ ಅಕ್ಷರದ ಕೆಳಗೆ ಇದೇನು, ಹಳದಿ, ಪ್ರತಿ ಸಾಲಿನ ಕೆಳಗೂ ಎಡದಿಂದ ಬಲಕ್ಕೆ ಒಂದು ಹಳದಿ ಗೆರೆ, ಅರಿಸಿನ, ಅಪ್ಪಯ್ಯಣ್ಣ ಬರುವ ಹೊತ್ತು ಅವಳು ಮಿಂದು ಹೊಸ್ತಿಲಿಗೆ ಅರಿಸಿನ ಹಚ್ಚುವ ಹೊತ್ತು ಇರಬೇಕು, ಕೈ ತೊಳೆಯುವಷ್ಟೂ ತಾಳ್ಮೆ ಇಲ್ಲದೆ ಕಾರ್ಡು ಇಸಿದುಕೊಂಡು, ಬೆರಳಿಟ್ಟು, ನಾನು ಹೇಳಿಕೊಟ್ಟ ಹಾಗೆ, ಎಡದಿಂದ ಬಲಕ್ಕೆ, ಸಾಲು ಮುಗಿದರೆ ಕೆಳಗೆ, ಮತ್ತೆ ಎಡದಿಂದ, ಅದೊಂದನ್ನು ಸರಿಯಾಗಿ ಕಲಿತಿದ್ದಳು, ಮೇಲಿನ ಶ್ರೀಕಾರ ಎಲ್ಲ ಕಾರ್ಡಿನಲ್ಲೂ ಮಾಸಿದೆ, ಕಣ್ಣಿಗೊತ್ತಿಕೊಂಡಿದ್ದಾಳೆ, ಅವಳು ಹಾಡದೆ ಓದುತ್ತಿದ್ದದ್ದು ಅದೊಂದೇ ಇರಬೇಕು. ಇನ್ನೊಂದು ಕಾರ್ಡು, ಹಳದಿ. ಇನ್ನೊಂದು, ಹಳದಿಯ ಮೇಲೆ ಹಳದಿ, ಎಷ್ಟು ಸಲ ಓದಿದಳೋ, ಶನಿವಾರದ ಒಪ್ಪೊತ್ತು ಎನ್ನುವ ಕಡೆ ಮೂರು ಪದರ ಕೂತಿದೆ, ಅಲ್ಲಿ ಏನು ಓದಿದೆಯಮ್ಮ, ತುಳಸಿಕಟ್ಟೆ ಅಲ್ಲಿತ್ತೇ, ನಾನು ಅಲ್ಲಿದ್ದೆನೇ, ನಿನ್ನ ಅಪ್ಪ ಹೇಗಿದ್ದ, ಅವನನ್ನು ನಾನೊಮ್ಮೆ ನೋಡಬೇಕು. ಯಜಮಾನ್ರೇ, ಹೊಸ್ಕೋಟೆ ಬಂತು, ಇಳ್ಕಳಿ, ಕಂಡಕ್ಟರ್ ಕೂಗಿದ. ಇಳಿಯುತ್ತೇನಪ್ಪ. ಕೊನೆಯಲ್ಲಿ ಆ ಕಾರ್ಡು, ಅರವತ್ತೊಂಬತ್ತರ ಕಾರ್ತಿಕ, ನಿನ್ನ ತಾಯಿಗೆ ಜಡ್ಡು ಬಲವಾಗಿದೆ, ಕೆಳಗೆ ಹಳದಿ ಗೆರೆ, ಕಂಡ ಕೂಡಲೇ ಹೊರಟು ಬರುವುದು, ಕೆಳಗೆ ಹಳದಿ ಗೆರೆ, ಎರಡೇ ಸಾಲು, ಅಷ್ಟಕ್ಕೆ ಮುಗಿಸಿ ರುಜು ಕೂಡ ಹಾಕದೆ ಕಳಿಸಿದ್ದೆ, ಉಳಿದದ್ದೆಲ್ಲ ಖಾಲಿ, ಖಾಲಿ ಎಂದು ಅವಳಿಗೂ ಕಂಡಿರುತ್ತದೆ, ಕಪ್ಪು ಮುಗಿದದ್ದು ಕಾಣದಷ್ಟು ಕುರುಡಿಯಲ್ಲ, ಆದರೂ ಬೆರಳು ನಿಂತಿಲ್ಲ, ಯಜಮಾನ್ರೇ, ಕೇಳ್ತಾ, ಕೇಳಿತಪ್ಪ, ಬೆರಳು ನಿಂತಿಲ್ಲ, ಎರಡನೇ ಸಾಲಿನ ಕೆಳಗೆ ಬರಿಯ ಕಾಗದದ ಮೇಲೆ ಒಂದು ಹಳದಿ ಗೆರೆ, ಎಡದಿಂದ ಬಲಕ್ಕೆ, ನೆಟ್ಟಗೆ, ಅದರ ಕೆಳಗೆ ಇನ್ನೊಂದು, ಒಂದಕ್ಷರವೂ ಇಲ್ಲ, ಅದರ ಕೆಳಗೆ ಇನ್ನೊಂದು, ಎಡದಿಂದ ಬಲಕ್ಕೆ, ಕಾರ್ಡಿನ ಅಂಚಿನ ತನಕ, ಹಳದಿ, ಇನ್ನೊಂದು